ಆ ಬಾಗಿಲನ್ನೊಮ್ಮೆ ತಟ್ಟಿ

ನಿಮಗೆ ಗೊತ್ತಿದೆ. ಮುಲುಂಡಿನಲ್ಲೋ ಗೋರೆಗಾಂವಿನಲ್ಲೋ ಮೀರಾ ರೋಡಿನಲ್ಲೋ, ನಿಮ್ಮದೇ ಬಿಲ್ಡಿಂಗಿನ ಒಂದು ಮನೆಯ ಕಿಟಕಿ ಮೇ ತಿಂಗಳ ಸೆಖೆಯಲ್ಲೂ ತೆರೆಯುವುದಿಲ್ಲ. ಲಿಫ್ಟಿನಿಂದ ಹೊರಬಂದೊಡನೆ ಉಚ್ಚೆಯ ಘಾಟು ಮೂಗಿಗೆ ಬಡಿಯುತ್ತದೆ. ನಡುರಾತ್ರಿ ಗೋಡೆಯಾಚೆ ಏನೋ ಪರಚಿದ ಸದ್ದು. ವಾಚ್‌ಮನ್‌ಗೂ ಗೊತ್ತು, ಕಸ ಒಯ್ಯುವವಳಿಗೂ ಗೊತ್ತು. ಊರ ಉಸಾಬರಿ ನಮಗೇಕೆ ಎಂದು ನೀವು ಕೀಲಿಕೈ ತಿರುಗಿಸಿ ಒಳಗೆ ಹೋಗುತ್ತೀರಿ.

ಒಳಗಿರುವವರು ಕಟುಕರಲ್ಲ. ಯಾವುದೋ ಆಷಾಢದ ಮಳೆಯಲ್ಲಿ ನಡುಗುತ್ತಿದ್ದ ಬೆಕ್ಕಿನ ಮರಿಯೊಂದನ್ನು ಸೆರಗಿನಲ್ಲಿ ಸುತ್ತಿ ತಂದ ಕೈಯದು. ಆ ಕರುಣೆ ಎಲ್ಲೋ ದಾರಿ ತಪ್ಪಿತು, ಒಂಟಿತನದ ಜೊತೆ ಸೇರಿ ಕಾಯಿಲೆಯಾಯಿತು. ಬೆಕ್ಕು ಆರು ತಿಂಗಳಿಗೇ ಬೆದೆಗೆ ಬರುತ್ತದೆ, ಎರಡು ತಿಂಗಳಲ್ಲಿ ಈಯುತ್ತದೆ. ಸಂತಾನಹರಣ ಮಾಡಿಸದಿದ್ದರೆ ಆರು ಇದ್ದದ್ದು ಅರವತ್ತಾಗಲು ಬಹುಕಾಲ ಬೇಡ. ಆಮೇಲೆ ಕೀವುಗಟ್ಟಿದ ಕಣ್ಣು, ಉಬ್ಬಸ, ಒಂದೇ ತಟ್ಟೆಗೆ ಹತ್ತಾರು ಬಾಯಿ. ನೋವಾದ ಬೆಕ್ಕು ಕೂಗುವುದಿಲ್ಲ, ಮೂಲೆಗೆ ಸರಿದು ಮುದುಡಿಕೊಳ್ಳುತ್ತದೆ. ಅದಕ್ಕೇ ನಿಮಗೆ ಕೇಳಿಸಿದ್ದು ಬರೀ ಪರಚಿದ ಸದ್ದು.

2025ರ ಫೆಬ್ರವರಿಯಲ್ಲಿ ಪುಣೆಯ ಹಡಪ್ಸರದ ಒಂದು ಫ್ಲ್ಯಾಟಿನಲ್ಲಿ 300ಕ್ಕೂ ಹೆಚ್ಚು ಬೆಕ್ಕುಗಳಿದ್ದ ಸುದ್ದಿ ಓದಿ ನೀವೂ ಹೌಹಾರಿದಿರಿ. ಮುನ್ನೂರು ಒಂದೇ ರಾತ್ರಿಯಲ್ಲಿ ಆದದ್ದಲ್ಲ. ಅದು ಹತ್ತಿದ್ದ ದಿನವೊಂದಿತ್ತು, ಐವತ್ತಿದ್ದ ದಿನವೊಂದಿತ್ತು.

ಕಾನೂನು ಇದೆಯಲ್ಲ ಎನ್ನುತ್ತೀರಿ. ಇದೆ: 1960ರ ಪ್ರಾಣಿಹಿಂಸೆ ತಡೆ ಕಾಯ್ದೆ. ಸಾಕಿದವರು ಅನ್ನ, ನೀರು, ನೆಲೆ ಸಾಕಷ್ಟು ಕೊಡದಿರುವುದು ಅದರ 11ನೇ ಕಲಮಿನಲ್ಲಿ ಅಪರಾಧ. ಆದರೆ ಮೊದಲ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ, ಇಂದಿಗೂ ಅಷ್ಟೇ. ಹೀಗೆ ಕೂಡಿಹಾಕುವ ಕಾಯಿಲೆಗೆ ಅದರಲ್ಲೊಂದು ಹೆಸರೂ ಇಲ್ಲ. ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಠಾಣೆಯಲ್ಲಿ ‘ಎನ್‌ಸಿ’, ಅಂದರೆ ಅಸಂಜ್ಞೇಯ ಅಪರಾಧ, ಎಂದು ಬರೆದುಕೊಂಡು ಕಳಿಸುತ್ತಾರೆ. ಪಾರ್ಸಿ ದಾನಿ ದಿನ್‌ಶಾ ಪೆಟಿಟ್ 19ನೇ ಶತಮಾನದಲ್ಲೇ ಪರೇಲಿನಲ್ಲಿ ಪ್ರಾಣಿಗಳಿಗೆಂದು ಆಸ್ಪತ್ರೆ ಕಟ್ಟಿಸಿದ ಊರು ಈ ಮುಂಬೈ. ಇಂಥ ಊರಿನಲ್ಲಿ ಮೂಕಜೀವದ ನರಳಿಕೆಗೆ 50 ರೂಪಾಯಿ ಬೆಲೆಯೇ?

ಸೊಸೈಟಿಯ ಮೀಟಿಂಗಿನಲ್ಲಿ ಮನೆ ಖಾಲಿ ಮಾಡಿಸಿ ಎಂಬ ಮಾತು ಬೇಗ ಬರುತ್ತದೆ. ದಯವಿಟ್ಟು ಅದಕ್ಕೆ ಕೈಯೆತ್ತಬೇಡಿ. ಹಾಗೆ ಹೊರಬಿದ್ದವರು ವಿರಾರಿನಲ್ಲೋ ನಾಲಾಸೋಪಾರಾದಲ್ಲೋ ಇನ್ನೊಂದು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಬಿಟ್ಟುಹೋದ ಬೆಕ್ಕುಗಳು ಟೈರುಗಳಡಿ ಸಾಯುತ್ತವೆ. ಮೊದಲು ಪಶುವೈದ್ಯರು ಬರಲಿ, ಸಂತಾನಹರಣವಾಗಲಿ, ಒಂದೊಂದಕ್ಕೂ ಹೊಸ ಮನೆ ಹುಡುಕೋಣ. ಆ ಒಂಟಿ ಜೀವವನ್ನೂ ಒಬ್ಬ ಮನೋವೈದ್ಯರಿಗೆ ತೋರಿಸೋಣ. ನಿಮ್ಮ ವಾರ್ಡ್ ಆಫೀಸಿಗೆ ಬರೆಯಿರಿ, ಶಾಸಕರಿಗೆ, ಸಂಸದರಿಗೆ ಬರೆಯಿರಿ: ದಂಡ ಏರಲಿ, ದೂರು ಬಂದ ಮನೆಗೆ ಪಾಲಿಕೆಯ ಪಶುವೈದ್ಯರು ಹೋಗಲೇಬೇಕೆಂಬ ನಿಯಮ ಬರಲಿ, ಬಿಡಿಸಿ ತಂದ ಪ್ರಾಣಿಗಳಿಗೆ ಇರಲೊಂದು ಜಾಗವಾಗಲಿ.

ಆದರೆ ಅದಕ್ಕೆಲ್ಲ ಮೊದಲು, ಇವತ್ತು ಸಂಜೆ, ಕೀಲಿಕೈ ತಿರುಗಿಸುವ ಮುನ್ನ, ಆ ಬಾಗಿಲನ್ನೊಮ್ಮೆ ತಟ್ಟಿ. ದೂರುವುದಕ್ಕಲ್ಲ. ಊಟವಾಯಿತೇ ಎಂದು ಕೇಳುವುದಕ್ಕೆ, ಎಷ್ಟು ಮರಿಗಳಿವೆ ಎಂದು ಕೇಳುವುದಕ್ಕೆ. ತೆರೆಯದಿದ್ದರೆ ನಾಳೆ ಮತ್ತೆ ತಟ್ಟಿ.