ತಾಯಿಪ್ರೀತಿಗೆ ಯಾವ ಕೋತಿಯ ಸಾಕ್ಷಿ?

ಕೆಂಗೇರಿ ಸುತ್ತಮುತ್ತ ಮನೆಯಲ್ಲಿ ಕೂಸನ್ನು ಬಿಟ್ಟು ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ ಬುದ್ಧಿಮಾತಿನ ಕೊರತೆಯಿಲ್ಲ. ತಾಯಿ ಪಕ್ಕದಲ್ಲಿ ಇಲ್ಲದಿದ್ದರೆ ಮಗುವಿನ ಮನಸ್ಸು ಕೆಡುತ್ತದೆ ಎಂಬ ಈ ಮಾತಿಗೆ ಮನಃಶಾಸ್ತ್ರದ ಮೊಹರೂ ಬೀಳುತ್ತದೆ. ಮೊಹರಿನ ಮೂಲ ಹುಡುಕುತ್ತ ಹೋದರೆ ಸಿಗುವುದು ಬಹುಮಟ್ಟಿಗೆ ಒಂದು ಕೋತಿ.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹ್ಯಾರಿ ಹಾರ್ಲೊ 1950ರ ದಶಕದ ಕೊನೆಯಲ್ಲಿ ರೀಸಸ್ ಕೋತಿಯ ಮರಿಗಳನ್ನು ಹುಟ್ಟಿದ ಕೆಲವೇ ಗಂಟೆಗಳಲ್ಲಿ ತಾಯಿಯಿಂದ ಬೇರ್ಪಡಿಸಿದರು. ಪಂಜರದೊಳಗೆ ಎರಡು ಗೊಂಬೆ ತಾಯಂದಿರು: ಒಂದು ಬರೀ ತಂತಿಯದು, ಇನ್ನೊಂದು ಮೆತ್ತನೆ ಬಟ್ಟೆ ಹೊದಿಸಿದ್ದು. ಹಾಲು ತಂತಿಯ ತಾಯಿಯಲ್ಲಿದ್ದರೂ ಮರಿಗಳು ಕುಡಿದಷ್ಟು ಹೊತ್ತು ಮಾತ್ರ ಅಲ್ಲಿದ್ದು, ಮಿಕ್ಕ ಹೊತ್ತು ಬಟ್ಟೆಯ ತಾಯಿಯನ್ನು ತಬ್ಬಿಕೊಂಡಿದ್ದವು. ಹಾಲೂಡಿಸಿದ್ದಕ್ಕೇ ಮಗು ತಾಯಿಯನ್ನು ಹಚ್ಚಿಕೊಳ್ಳುತ್ತದೆ ಎಂದು ಆ ಕಾಲದ ಪಂಡಿತರು ನಂಬಿದ್ದನ್ನು ಈ ಪ್ರಯೋಗ ಬುಡಮೇಲು ಮಾಡಿತು. ಅದರ ಫಲ ಇವತ್ತಿಗೂ ಸಿಗುತ್ತಿದೆ. ಕೆಂಗೇರಿಯಲ್ಲೇ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಇದೆ. ಇಂಥ ಆರೈಕೆ ಕೇಂದ್ರಗಳಲ್ಲಿ ತಬ್ಬಲಿ ಕೋತಿಮರಿಗೆ ಹಾಲಿನ ಜೊತೆ ಅಪ್ಪಿಕೊಳ್ಳಲು ಮೆತ್ತನೆಯ ಗೊಂಬೆಯನ್ನೂ ಕೊಡುವ ಪದ್ಧತಿ ಬೆಳೆದಿದೆ.

ಆದರೆ ಪ್ರಯೋಗ ಹೇಳಿದ್ದಕ್ಕಿಂತ ಹೆಚ್ಚನ್ನು ಅದರ ಬಾಯಲ್ಲಿ ಹೇಳಿಸಲಾಯಿತು. ಎರಡು ಗೊಂಬೆಗಳಿಗೆ ಬಟ್ಟೆಯಲ್ಲಷ್ಟೇ ಅಲ್ಲ, ಮುಖದಲ್ಲೂ ವ್ಯತ್ಯಾಸವಿತ್ತು. ಮರಿ ಯಾವುದಕ್ಕೆ ಒಲಿಯಿತೆಂದು ಖಚಿತವಾಗಿ ಹೇಳುವುದು ಹೇಗೆ? ಬಟ್ಟೆಯ ತಾಯಿಯೇ ಸಾಕು ಎಂಬ ಮೊದಲ ಉತ್ಸಾಹವೂ ಉಳಿಯಲಿಲ್ಲ. ಆ ಮರಿಗಳು ಬೆಳೆದಾಗ ಕೂಡುವುದು ಗೊತ್ತಾಗದೆ ಒದ್ದಾಡಿದವು. ತಾಯಾದವುಗಳಲ್ಲಿ ಹಲವು ತಮ್ಮ ಮರಿಗಳನ್ನು ಕಡೆಗಣಿಸಿದವು, ಹಿಂಸಿಸಿದವು. ಇನ್ನು ಕೆಟ್ಟದ್ದು ಸರಿಹೋಗದು ಎಂದುಕೊಳ್ಳುವಷ್ಟರಲ್ಲಿ, ಆರು ತಿಂಗಳು ಒಂಟಿಯಾಗಿದ್ದ ಮರಿಗಳು ತಮಗಿಂತ ಚಿಕ್ಕ, ಆಡುವ ಮರಿಗಳ ಸಹವಾಸದಲ್ಲಿ ಬಹುಮಟ್ಟಿಗೆ ಚೇತರಿಸಿಕೊಂಡವೆಂದು 1972ರಲ್ಲಿ ಸ್ಟೀಫನ್ ಸುವೊಮಿ ಮತ್ತು ಹಾರ್ಲೊ ಅವರೇ ವರದಿ ಮಾಡಿದರು.

ಇದಕ್ಕಿಂತ ದೊಡ್ಡ ಪ್ರಶ್ನೆ, ಯಾವ ಕೋತಿ ಎಂಬುದು. ರೀಸಸ್ ಉತ್ತರ ಭಾರತದ ಕೋತಿ. ರಾಮೋಹಳ್ಳಿ ಬಳಿಯ ದೊಡ್ಡ ಆಲದ ಮರದಲ್ಲಿ ಪ್ರವಾಸಿಗರ ಕೈಯಿಂದ ಕಡಲೆಕಾಯಿ ಕಿತ್ತುಕೊಳ್ಳುವುದು ಬಾನೆಟ್ ಕೋತಿ: ನೆತ್ತಿಯ ಕೂದಲು ಟೋಪಿ ಇಟ್ಟಂತೆ ಸುತ್ತ ಹರಡಿರುವ ನಮ್ಮ ದಕ್ಷಿಣದ ಮಂಗ. ದೊಡ್ಡ ಹೆಣ್ಣುಗಳು ಒಂದಕ್ಕೊಂದು ಮೈ ತಾಗಿಸಿ ಕೂತು ಹೇನು ಹೆಕ್ಕುತ್ತವೆ. ನಡುವೆ ಮರಿ ಒಬ್ಬಳ ಮಡಿಲಿಂದ ಇನ್ನೊಬ್ಬಳ ಬಳಿಗೆ ಜಾರುತ್ತದೆ.

ನ್ಯೂಯಾರ್ಕಿನಲ್ಲಿ ಲಿಯೊನಾರ್ಡ್ ರೋಸನ್‌ಬ್ಲಮ್ ಮತ್ತು ಚಾರ್ಲ್ಸ್ ಕಾಫ್‌ಮನ್ 1960ರ ದಶಕದಲ್ಲಿ ಈ ಬಾನೆಟ್ ಕೋತಿಯನ್ನು, ಮರಿಯನ್ನು ಯಾರಿಗೂ ಬಿಟ್ಟುಕೊಡದ ಪಿಗ್‌ಟೇಲ್ ಕೋತಿಯ ಜೊತೆ ಹೋಲಿಸಿ ನೋಡಿದರು. ಗುಂಪಿನಿಂದ ತಾಯಿಯನ್ನಷ್ಟೇ ಹೊರಗೆ ತೆಗೆದಾಗ ಪಿಗ್‌ಟೇಲ್ ಮರಿಗಳಲ್ಲಿ ಹೆಚ್ಚಿನವು ಮುದುಡಿ ಕೂತು ಖಿನ್ನತೆಗೆ ಜಾರಿದವು. ಬಾನೆಟ್ ಮರಿಗಳೂ ಮೊದಲು ಕೂಗಿ ಗೋಳಾಡಿದವು. ಆದರೆ ಗುಂಪಿನ ಬೇರೆ ಹೆಣ್ಣುಗಳು ಅವನ್ನು ಎತ್ತಿಕೊಂಡವು, ಆ ಆಳದ ಖಿನ್ನತೆ ಕಾಣಿಸಲಿಲ್ಲ. ಹತ್ತಿರದ ಬಂಧುಗಳಾದ ಎರಡು ಕೋತಿಗಳಲ್ಲೇ ಇಷ್ಟು ಅಂತರವಿದ್ದರೆ, ಒಂದರ ನಡವಳಿಕೆಯನ್ನು ಮನುಷ್ಯಕುಲಕ್ಕೆಲ್ಲ ಕಾನೂನು ಮಾಡುವುದು ಯಾವ ನ್ಯಾಯ?

ರೋಸನ್‌ಬ್ಲಮ್ ತಂಡ 1980ರ ದಶಕದಲ್ಲಿ ಬಾನೆಟ್ ತಾಯಂದಿರ ಮೇಲೆಯೇ ಇನ್ನೊಂದು ಪ್ರಯೋಗ ಮಾಡಿತು. ಕೆಲವರಿಗೆ ಆಹಾರ ಸದಾ ಸುಲಭವಾಗಿ ಸಿಗುತ್ತಿತ್ತು, ಕೆಲವರು ಸದಾ ಕಷ್ಟಪಟ್ಟು ಹುಡುಕಬೇಕಿತ್ತು, ಇನ್ನು ಕೆಲವರಿಗೆ ಕೆಲವು ದಿನ ಸುಲಭ, ಕೆಲವು ದಿನ ಕಷ್ಟ. ಯಾರೂ ಹಸಿದಿರಲಿಲ್ಲ. ಹೆಚ್ಚು ಅಂಜುಬುರುಕರಾದದ್ದು ಮೂರನೆಯ ಗುಂಪಿನ ಮರಿಗಳು. ಮರಿಯನ್ನು ಕಾಡಿದ್ದು ತಾಯಿಯ ದುಡಿಮೆಯಲ್ಲ, ಅವಳ ಬದುಕಿನ ಅನಿಶ್ಚಿತತೆ.

ಹಾಗಂತ ಈ ಫಲಿತಾಂಶವನ್ನೂ ಕಣ್ಣುಮುಚ್ಚಿ ಮನುಷ್ಯರಿಗೆ ಅನ್ವಯಿಸಿದರೆ ಹಾರ್ಲೊ ಭಕ್ತರ ತಪ್ಪನ್ನೇ ಮಾಡಿದಂತೆ. ಅದೂ ಪಂಜರದಲ್ಲಿ ನಡೆದದ್ದೇ; ಅಲ್ಲೂ ಮರಿಗಳು ನೊಂದಿವೆ. ಸಂಶೋಧನೆಗೆ ರೀಸಸ್ ಕೋತಿಗಳನ್ನು ಹೊರದೇಶಕ್ಕೆ ಕಳಿಸುವುದನ್ನು ಭಾರತ 1978ರಲ್ಲೇ ನಿಲ್ಲಿಸಿತು. ಪಡೆದ ತಿಳಿವಳಿಕೆ ತೆತ್ತ ನೋವಿಗೆ ಸಮವೇ ಎಂಬ ತಕರಾರು ಮುಗಿದಿಲ್ಲ. ಪ್ರಾಣಿ ಪ್ರಯೋಗ ಸಲ್ಲುವುದು ನಮ್ಮ ಹುಸಿ ಖಾತರಿಗಳನ್ನು ಒಡೆಯುವುದಕ್ಕೆ. ಮನುಷ್ಯರ ಮನೆಗೆ ಕಟ್ಟಳೆ ಬರೆಯುವುದಕ್ಕಲ್ಲ. ಕಟ್ಟಳೆಗೆ ಮನುಷ್ಯರ ಮಕ್ಕಳನ್ನೇ ನೋಡಬೇಕು.

ಹಾಗೆ ನೋಡುವವರಿಗೆ ಕೋತಿಗಳು ಒಳ್ಳೆಯ ಪ್ರಶ್ನೆಗಳನ್ನಂತೂ ಕೊಟ್ಟಿವೆ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ಮೊದಲ ಎರಡು ಹೆರಿಗೆಗೆ 26 ವಾರಗಳ ರಜೆ ಕೊಟ್ಟಿತು. 50ಕ್ಕಿಂತ ಕಡಿಮೆಯಿಲ್ಲದಷ್ಟು ಕೆಲಸಗಾರರಿರುವ ಕಡೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯ ಮಾಡಿತು. ಕೇಂದ್ರ ಇದೆಯೇ ಎಂದು ಕೇಳಿ ಸುಮ್ಮನಾಗದೆ, ಅಲ್ಲಿ ಮಗುವನ್ನು ಎತ್ತಿಕೊಳ್ಳುವ ಆಯಾ ತಿಂಗಳಿಗೊಬ್ಬರಂತೆ ಬದಲಾಗುತ್ತಾರೆಯೇ, ಒಬ್ಬೊಬ್ಬರ ಪಾಲಿಗೆ ಎಷ್ಟು ಮಕ್ಕಳು, ತಾಯಿಯ ಪಾಳಿ ಮತ್ತು ಸಂಬಳ ಹೊತ್ತಿಗೆ ಸರಿಯಾಗಿವೆಯೇ ಎಂದು ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಕೇಳಲಿ. ತಾಯಿಯನ್ನು ದೂರುವುದಕ್ಕಿಂತ ಆ ತಪಾಸಣೆಯಿಂದ ಮಗುವಿಗೆ ಹೆಚ್ಚು ಲಾಭ.