ಹವ್ಯಾಸಕ್ಕೊಂದು ಕಾಲಂ ಬೇಡ

ನೀಟ್ ಫಲಿತಾಂಶ ಬಂದ ವಾರ ಹೈದರಾಬಾದಿನ ಮಧ್ಯಮ ವರ್ಗದ ಮನೆಗಳಲ್ಲಿ ಒಂದು ದೂರು ತಪ್ಪದೆ ಕೇಳಿಸುತ್ತದೆ. ಬರೀ ಅಂಕ ನೋಡಿ ಡಾಕ್ಟರ್ ಮಾಡುತ್ತಾರಲ್ಲ, ಹುಡುಗ ಎಂಥವನೆಂದು ನೋಡುವುದು ಬೇಡವೇ? ನ್ಯೂಜೆರ್ಸಿಯ ಅಕ್ಕನ ಮಗಳ ಅರ್ಜಿಯಲ್ಲಿ ಹವ್ಯಾಸಕ್ಕೂ ಜಾಗವಿತ್ತಂತೆ!

ಜಾಗವಿರುವುದು ನಿಜ. ಅಮೆರಿಕದ ಹೆಚ್ಚಿನ ವೈದ್ಯಕೀಯ ಕಾಲೇಜುಗಳಿಗೆ ಹೋಗುವ ಸಾಮಾನ್ಯ ಅರ್ಜಿಯಲ್ಲಿ 15 ಚಟುವಟಿಕೆ ಬರೆಯಬಹುದು. ಒಂದೊಂದಕ್ಕೆ 700 ಅಕ್ಷರ. ಹವ್ಯಾಸವೂ ಅದರಲ್ಲೊಂದು ವರ್ಗ. ಉಸ್ಮಾನಿಯಾ, ಗಾಂಧಿ ಕಾಲೇಜುಗಳ ಸೀಟು ಮಾತ್ರ ರ‍್ಯಾಂಕು, ಮೀಸಲಾತಿ ನೋಡಿ ಹಂಚಿಕೆಯಾಗುತ್ತದೆ. ಅಂಕ ಸಮವಾದರೆ ಮೊದಲು ನೋಡುವುದು ಜೀವಶಾಸ್ತ್ರದ ಅಂಕ, ವೀಣೆಯನ್ನಲ್ಲ. 2024ರ ಜೂನ್ 4ರಂದು 67 ಮಂದಿಗೆ 720ಕ್ಕೆ 720 ಬಂದಾಗ ಈ ಪದ್ಧತಿ ನಗೆಪಾಟಲಾದದ್ದೂ ಸುಳ್ಳಲ್ಲ.

ಹಾಗೆಂದು ಕಾಲಂ ತಂದರೆ? ಮರುತಿಂಗಳೇ ಅಮೀರ್‌ಪೇಟೆಯಲ್ಲಿ ಹವ್ಯಾಸದ ಬ್ಯಾಚು ಶುರುವಾಗುತ್ತದೆ, ಪ್ರಮಾಣಪತ್ರ ಸಮೇತ. ಜುಬಿಲಿ ಹಿಲ್ಸ್‌ನ ಹುಡುಗ ಕುದುರೆ ಸವಾರಿ ಬರೆಯುತ್ತಾನೆ. ನಾರಾಯಣಪೇಟೆಯ ಗಡಿಯ ಹಳ್ಳಿಯಲ್ಲಿ ಮನೆಯೊಳಗೆ ಕನ್ನಡ, ಶಾಲೆಯಲ್ಲಿ ತೆಲುಗು ಆಡಿ ಬೆಳೆದವನು ಏನು ಬರೆಯಬೇಕು? ಕೆರೆಯಲ್ಲಿ ಈಜುತ್ತೇನೆ, ಸಂಕ್ರಾಂತಿಗೆ ಗಾಳಿಪಟ ಬಿಡುತ್ತೇನೆ ಎಂದೇ? ಅದಕ್ಕೆ ಯಾರು ಸಹಿ ಹಾಕಿಕೊಡುತ್ತಾರೆ? ಅಂಕದಾಚೆ 'ವ್ಯಕ್ತಿತ್ವ' ನೋಡುವ ಪದ್ಧತಿಯ ಹುಟ್ಟೂ ಅಷ್ಟೇನೂ ಶುದ್ಧವಲ್ಲ. 1920ರ ದಶಕದಲ್ಲಿ ಹಾರ್ವರ್ಡ್ ಅದನ್ನು ಬಿಗಿಗೊಳಿಸಿದ್ದು ಅಂಕದ ಬಲದಿಂದ ಒಳಬರುತ್ತಿದ್ದ ಯಹೂದಿ ಹುಡುಗರ ಸಂಖ್ಯೆ ತಗ್ಗಿಸಲು. ನಮ್ಮಲ್ಲಿ ಯಾರ ಸಂಖ್ಯೆ ತಗ್ಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ವೆಲ್ಲೂರಿನ ಸಿಎಂಸಿಯವರು ಹಿಂದೆ ವಿದ್ಯಾರ್ಥಿಗಳನ್ನು ಕರೆಸಿ, ಕೂರಿಸಿ, ಮಾತಾಡಿಸಿ ಆರಿಸುತ್ತಿದ್ದರು. ನೀಟ್ ವಿರೋಧಿಸಿ 2017ರಲ್ಲಿ ಎಂಬಿಬಿಎಸ್‌ನ 100 ಸೀಟುಗಳಲ್ಲಿ ಒಂದನ್ನಷ್ಟೇ ತುಂಬಿದರು. 2020ರಲ್ಲಿ ಸುಪ್ರೀಂ ಕೋರ್ಟು ನೀಟನ್ನೇ ಎತ್ತಿಹಿಡಿಯಿತು. ಅವರ ಕ್ರಮಕ್ಕೊಂದು ಮರ್ಯಾದೆಯಿತ್ತು, ಏಕೆಂದರೆ ಅಲ್ಲಿ ಎದುರಿಗೆ ಮನುಷ್ಯನಿದ್ದ. ಇಪ್ಪತ್ತು ಲಕ್ಷ ದಾಟಿದ ಅರ್ಜಿಗಳಿಗೆ ಅದನ್ನು ಮಾಡಲಾಗದು. ಉಳಿಯುವುದು ಕಾಲಂ ಮಾತ್ರ.

ಹವ್ಯಾಸದ ಮೇಲೆ ನಿಜಕ್ಕೂ ಅಕ್ಕರೆಯಿದ್ದರೆ ಕೇಳಬೇಕಾದ ಪ್ರಶ್ನೆ ಬೇರೆ. ಎಂಟನೇ ಕ್ಲಾಸಿನಲ್ಲಿ ಮಗಳ ಸಂಗೀತ ಪಾಠ ಬಿಡಿಸಿದ್ದು ಯಾರು? ವಸತಿ ಕಾಲೇಜಿನಲ್ಲಿ ಭಾನುವಾರವೂ ಟೆಸ್ಟ್ ಇದ್ದರೆ ಖುಷಿಪಟ್ಟು ಫೀಸು ಕಟ್ಟಿದ್ದು ಯಾರು? ಬೆಂಗಳೂರಿನ ವೈದ್ಯ ಎಂ. ಶಿವರಾಂ, ನಮ್ಮ 'ರಾಶಿ', 1942ರಲ್ಲಿ 'ಕೊರವಂಜಿ' ಎಂಬ ನಗೆಪತ್ರಿಕೆ ಹೊರಡಿಸಿದ್ದು ಯಾವ ಅರ್ಜಿ ತುಂಬುವುದಕ್ಕೂ ಅಲ್ಲ. ಭಾನುವಾರದ ಒಂದು ಸಂಜೆಯನ್ನು ಆ ಮಕ್ಕಳಿಗೆ ಬಿಟ್ಟುಕೊಡಿ ಎಂದು ಕಾಲೇಜುಗಳ ಮುಂದೆ ಕೂತ ಪೋಷಕರ ಸಂಘ ಎಲ್ಲಿದೆ?

ಇನ್ನು ಆ ಕಾಲಂ ಇರುವ ದೇಶಕ್ಕೇ ಅರ್ಜಿ ಹಾಕುವವರು ಇದ್ದದ್ದನ್ನು ಇದ್ದಂತೆ ಬರೆಯಲಿ. ಅಡುಗೆ ಇಷ್ಟ ಎಂದು ಬರೆದವಳು ಸಂದರ್ಶನದಲ್ಲಿ ಪುಳಿಯೋಗರೆ ಗೊಜ್ಜಿನ ಬಗ್ಗೆ ಐದು ನಿಮಿಷ ಮಾತಾಡಬಲ್ಲಳು. ಸೇವಾಸಂಸ್ಥೆ ಕಟ್ಟಿದ್ದೇನೆ ಎಂದವನಿಗೆ ಅಪ್ಪ ಅದನ್ನು ನೋಂದಾಯಿಸಿದ ವರ್ಷವೂ ನೆನಪಿರುವುದಿಲ್ಲ.