ಬೈಪೋಲಾರ್ ಅಂದ್ರೆ ಒಳ್ಳೇದಂತೆ!

ದೊಡ್ಡಮ್ಮ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಮೂಳೆಯ ಕತ್ತು ಮುರ್ಕೊಂಡಾಗ ಆಸ್ಪತ್ರೆಯವರು ಕೇಳಿದ್ದು ಒಂದೇ ಪ್ರಶ್ನೆ: "ಯೂನಿಪೋಲಾರ್ ಹಾಕೋದಾ, ಬೈಪೋಲಾರಾ? ಬೈಪೋಲಾರ್ ರೇಟ್ ಜಾಸ್ತಿ, ಆದ್ರೆ ಒಳ್ಳೇದು." 82 ವರ್ಷದ ಅಮ್ಮ ನೋವಲ್ಲಿ ನರಳ್ತಿರುವಾಗ ಯಾವ ಮಗ ತಾನೇ "ಕಮ್ಮೀದೇ ಹಾಕಿ" ಅಂತಾನೆ ಹೇಳಿ? ಅಣ್ಣ ದುಡ್ಡು ಹೊಂದಿಸೋಕೆ ಓಡಿದ. ನನ್ನ ತಕರಾರು ಆ "ಒಳ್ಳೇದು" ಅನ್ನೋ ಮಾತಿನ ಮೇಲೆ.

ಮುರಿದ ಗುಂಡು ತೆಗೆದು ಲೋಹದ್ದು ಕೂರಿಸ್ತಾರೆ, ಸೊಂಟದ ಬಟ್ಟಲು ನಮ್ಮದೇ ಉಳಿಯುತ್ತೆ. ಯೂನಿಪೋಲಾರ್‌ನಲ್ಲಿ ಒಂದೇ ಗುಂಡು. 1974ರಲ್ಲಿ ಬಂದ ಬೈಪೋಲಾರ್‌ನಲ್ಲಿ ಚಿಕ್ಕ ಗುಂಡು, ಅದರ ಮೇಲೆ ಪ್ಲಾಸ್ಟಿಕ್ ಒಳಪದರ ಇರೋ ದೊಡ್ಡ ಚಿಪ್ಪು. ಒಳಗಡೆಯೇ ತಿರುಗಿದರೆ ಬಟ್ಟಲು ಸವೆಯೋದು ಕಮ್ಮಿ ಅನ್ನೋ ಲೆಕ್ಕ. ಲೆಕ್ಕ ಚೆಂದವೇ. ಆದ್ರೆ ಎಷ್ಟೋ ಜನರಲ್ಲಿ ಬರಬರ್ತಾ ಒಳಗಿನ ತಿರುಗಾಟ ಕಮ್ಮಿಯಾಗಿ ಇಡೀ ಸಾಮಾನು ಒಂದೇ ಗುಂಡಿನ ಥರ ಆಗುತ್ತೆ. 2022ರ ಕಾಕ್ರೇನ್ ವಿಮರ್ಶೆ ಪ್ರಯೋಗಗಳನ್ನೆಲ್ಲ ಒಟ್ಟಿಗೆ ನೋಡಿದಾಗ ಇವೆರಡರ ನಡುವೆ ಹೇಳಿಕೊಳ್ಳೋ ವ್ಯತ್ಯಾಸ ಸಿಗಲಿಲ್ಲ. 65ರ, ದಿನಾ ವಾಕಿಂಗ್ ಹೋಗೋರಿಗೆ ಸವೆತದ ಮಾತು ಬೇರೆ, ಒಪ್ತೀನಿ. ದೊಡ್ಡಮ್ಮ ದೇವರಮನೆಯಿಂದ ಅಡುಗೆಮನೆಗೆ ಓಡಾಡಿದ್ರೆ ಸಾಕಿತ್ತು.

ಕೇಳಬೇಕಾಗಿದ್ದ ಪ್ರಶ್ನೆ ಇನ್ನೊಂದಿತ್ತು. ಸಿಮೆಂಟ್ ಹಾಕ್ತೀರೋ ಇಲ್ವೋ? 2022ರಲ್ಲಿ ಬ್ರಿಟನ್ನಿನವರು 1,225 ಜನರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಬಂತು. ನಾಲ್ಕು ತಿಂಗಳಿಗೆ ಸಿಮೆಂಟಿನವರೇ ಸ್ವಲ್ಪ ಮೇಲು. ಕಂಬಿಯ ಸುತ್ತ ಮೂಳೆ ಮತ್ತೆ ಮುರಿದಿದ್ದು ಸಿಮೆಂಟ್ ಇದ್ದವರಲ್ಲಿ ಶೇ. 0.5, ಇಲ್ಲದವರಲ್ಲಿ ಶೇ. 2.1. ಟೊಳ್ಳಾದ ಮೂಳೆಗೆ ಕಂಬಿ ಬಡಿದು ಕೂರಿಸಿದ್ರೆ ಇನ್ನೇನಾಗುತ್ತೆ ಸ್ವಾಮಿ? ಸಿಮೆಂಟ್ ತುಂಬುವಾಗ ಬಿಪಿ ಇಳಿಯೋ ಅಪಾಯ ಇದೆ ನಿಜ, ಅದಕ್ಕೇ ಅಲ್ವಾ ಅರಿವಳಿಕೆ ಡಾಕ್ಟರು ಇರೋದು.

ಇಲ್ಲೇ ಇರೋದು ಮೋಸ. ನಮ್ಮಲ್ಲಿ "ಕಮ್ಮೀದು" ಅಂದ್ರೆ ಬಹಳ ಸಲ ಸಿಮೆಂಟಿಲ್ಲದ ಆಸ್ಟಿನ್ ಮೂರ್, 1950ರ ದಶಕದ ಮಾಲು. ಅದನ್ನ ಬಿಟ್ಟು ಪರೀಕ್ಷೆಯಾದ ಕಂಬಿ ಬಳಸಿ ಅಂತ ಬ್ರಿಟನ್ನಿನ ನೈಸ್ 2011ರಲ್ಲೇ ಹೇಳಿತ್ತು. ಅದರ ಪಕ್ಕ ಸಿಮೆಂಟ್ ಹಾಕಿದ ಬೈಪೋಲಾರ್ ಇಟ್ಟು "ನೋಡಿ, ಬೈಪೋಲಾರ್ ಗೆದ್ದಿತು" ಅಂದ್ರೆ? ಗೆದ್ದಿದ್ದು ಎರಡನೇ ಗುಂಡಲ್ಲ, ಸಿಮೆಂಟು. ಸಿಮೆಂಟ್ ಹಾಕಿದ ಯೂನಿಪೋಲಾರ್ ಅನ್ನೋದು ಮೆನುವಿನಲ್ಲೇ ಇರಲ್ಲ!

ಅದೇ ನೈಸ್, ಸೇರಿದ ದಿನ ಅಥವಾ ಮಾರನೇ ದಿನವೇ ಆಪರೇಷನ್ ಆಗಬೇಕು ಅನ್ನುತ್ತೆ. ಬೈಪೋಲಾರ್‌ಗೆ ದುಡ್ಡು ಸೇರುವಷ್ಟರಲ್ಲಿ ದೊಡ್ಡಮ್ಮ ನಾಲ್ಕು ದಿನ ಮಲಗಿದ್ದಲ್ಲೇ ಮಲಗಿದ್ರು. ಡಿಸ್ಚಾರ್ಜ್ ಸಮರಿಯಲ್ಲಿ ಬೈಪೋಲಾರ್ ಅಂತ ದಪ್ಪಕ್ಷರದಲ್ಲಿದೆ, ಸಿಮೆಂಟಿನ ಸುದ್ದಿಯೇ ಇಲ್ಲ. ಕೇಳಿದ್ರೆ "ಅದೆಲ್ಲ ನಿಮಗ್ಯಾಕೆ ಸಾರ್" ಅಂದ್ರು.